ಪಟಗೋನಿಯಾಕ್ಕೆ ಇಬ್ಬರೇ: ಒಂದು ಟೆಂಟ್, ಎರಡು ಬ್ಯಾಗ್, ಮೂರು ವಾರ

ದಕ್ಷಿಣ ಅಮೆರಿಕದ ತೆಂಕಣ ತುದಿಯಲ್ಲಿ ಚಿಲಿ, ಅರ್ಜೆಂಟೀನಾ ಹಂಚಿಕೊಂಡಿರುವ ಪಟಗೋನಿಯಾದಲ್ಲಿ ಎತ್ತರಕ್ಕೆ ಹೆದರಬೇಕಾಗಿಲ್ಲ. ಇಲ್ಲಿ ಹೇಳುವ ಚಾರಣದ ದಾರಿಗಳಲ್ಲಿ ಯಾವುದೂ 1,600 ಮೀಟರ್ ಮುಟ್ಟುವುದಿಲ್ಲ. ನಮ್ಮ ಕುಮಾರಪರ್ವತವೇ 1,712 ಮೀಟರ್ ಇದೆ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಅಲ್ಲಿನ ಬೇಸಿಗೆಯಲ್ಲಿ ರಾತ್ರಿಯ ಚಳಿ ಹೆಚ್ಚಾಗಿ ಸೊನ್ನೆಯ ಆಚೀಚೆ. ಲೆಕ್ಕ ತಪ್ಪಿಸುವುದು ಗಾಳಿ. ಪೆಸಿಫಿಕ್ ಸಾಗರದ ಮೇಲೆ ಸಾವಿರಾರು ಕಿಲೋಮೀಟರ್ ಅಡೆತಡೆಯಿಲ್ಲದೆ ಬರುವ ಪಡುವಣ ಗಾಳಿಗೆ ಮೊದಲು ಎದುರಾಗುವ ಗೋಡೆ ಇಲ್ಲಿನ ಆಂಡಿಸ್ ಬೆಟ್ಟಸಾಲು. ಗಂಟೆಗೆ 100 ಕಿಲೋಮೀಟರ್ ಮೀರಿದ ಬೀಸು ಇಲ್ಲಿ ಸುದ್ದಿಯೇ ಅಲ್ಲ. ಹಾಗಾಗಿ ಟಿಕೆಟ್ ತೆಗೆಯುವಾಗಿನಿಂದ ಟೆಂಟಿನ ಕೊನೆಯ ಗೂಟ ಹೊಡೆಯುವವರೆಗೆ ಪ್ರತಿಯೊಂದನ್ನೂ ಗಾಳಿಯನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಬೇಕು. ಇಬ್ಬರಾಗಿ ಹೋಗುವುದರ ದೊಡ್ಡ ಲಾಭವೂ ಅಲ್ಲೇ ಇದೆ: ಬಿರುಗಾಳಿಯಲ್ಲಿ ಟೆಂಟ್ ಕಟ್ಟಲು ನಾಲ್ಕು ಕೈ ಬೇಕು.

ದಾರಿ ಹೆಣೆಯುವ ಬಗೆ

ಮೂರು ವಾರಕ್ಕೆ ಎರಡು ನೆಲೆ ಸಾಕು. ಚಿಲಿಯಲ್ಲಿ ಟೋರೆಸ್ ದೆಲ್ ಪೈನೆ ರಾಷ್ಟ್ರೀಯ ಉದ್ಯಾನ, ಅರ್ಜೆಂಟೀನಾದಲ್ಲಿ ಎಲ್ ಚಾಲ್ಟೆನ್ ಎಂಬ ಪುಟ್ಟ ಊರು. ಇವುಗಳ ಸ್ವಭಾವ ತದ್ವಿರುದ್ಧ. ಟೋರೆಸ್‌ನಲ್ಲಿ ಪ್ರತಿ ರಾತ್ರಿಯ ಕ್ಯಾಂಪ್ ಮುಂಗಡ ಕಾದಿರಿಸಿರಲೇಬೇಕು; ತಾರೀಕು ಜಾರಿದರೆ ಇಡೀ ಸರಪಳಿ ಕಳಚುತ್ತದೆ. ಚಾಲ್ಟೆನ್‌ನಲ್ಲಿ ಊರಲ್ಲೇ ತಂಗಿ, ಹವೆ ತೆರೆದ ದಿನ ಹೊರಡಬಹುದು. ಅದಕ್ಕೇ ಟೋರೆಸ್ ಮೊದಲು, ಚಾಲ್ಟೆನ್ ಆಮೇಲೆ. ಗಾಳಿ ನುಂಗಿದ ದಿನಗಳನ್ನು ತುಂಬಿಕೊಳ್ಳುವ ಅವಕಾಶ ಪ್ರವಾಸದ ಕೊನೆಯಲ್ಲಿ ಇರಬೇಕು, ಮೊದಲಲ್ಲಲ್ಲ.

ಬೆಂಗಳೂರಿನಿಂದ ಸಾಂತಿಯಾಗೊಗೆ ಹೋಗಿ, ಬ್ವೇನಸ್ ಐರಿಸ್‌ನಿಂದ ಹಿಂತಿರುಗುವಂತೆ ಟಿಕೆಟ್ ತೆಗೆಯಿರಿ. ಹೋಗಿಬರುವ ಊರು ಒಂದೇ ಆದರೆ ಗಡಿಯನ್ನು ಎರಡು ಸಲ ದಾಟಬೇಕು, ಚಿಲಿಯ ವೀಸಾದಲ್ಲಿ ಎರಡನೇ ಪ್ರವೇಶವೂ ಇರಬೇಕು. ಒಂದೇ ದಿಕ್ಕಿನಲ್ಲಿ ಸಾಗಿದರೆ ಎರಡೂ ದೇಶಕ್ಕೆ ಏಕಪ್ರವೇಶ ವೀಸಾ ಸಾಕು. ಸಾಂತಿಯಾಗೊದಿಂದ, ಟೋರೆಸ್‌ಗೆ ಹೊರಡುವ ಊರಾದ ಪ್ವೆರ್ತೊ ನತಾಲೆಸ್‌ಗೆ ಬೇಸಿಗೆಯಲ್ಲಿ ನೇರ ವಿಮಾನವಿರುತ್ತದೆ. ಸಿಗದಿದ್ದರೆ ಪುಂತಾ ಅರೇನಾಸ್‌ಗೆ ಹಾರಿ, ಅಲ್ಲಿಂದ ಮೂರು ಗಂಟೆ ಬಸ್.

21 ದಿನ ಹೀಗೆ ಹಂಚಿ: ಹೋಗಲು ಎರಡು ದಿನ, ನತಾಲೆಸ್‌ನಲ್ಲಿ ಎರಡು, ಟೋರೆಸ್‌ಗೆ ಐದು, ಮರಳಿ ಬಂದು ಬಟ್ಟೆ ಒಗೆಯಲು ಒಂದು, ಗಡಿ ದಾಟಿ ಅರ್ಜೆಂಟೀನಾದ ಎಲ್ ಕಲಫಾತೆ ಊರು ತಲುಪಲು ಒಂದು, ಚಾಲ್ಟೆನ್‌ಗೆ ಏಳು, ಮರಳಿ ಕಲಫಾತೆಗೆ ಒಂದು, ಬ್ವೇನಸ್ ಐರಿಸ್‌ಗೆ ಎರಡು. ನತಾಲೆಸ್‌ನ ಎರಡು ದಿನ ವ್ಯರ್ಥವೆಂದು ಕತ್ತರಿಸಬೇಡಿ. ಮೂರು ವಿಮಾನ ಬದಲಿಸುವಾಗ ಬ್ಯಾಗ್ ಹಿಂದೆ ಉಳಿಯುವುದು ಸಾಮಾನ್ಯ, ಟೆಂಟ್ ಇರುವುದು ಆ ಬ್ಯಾಗಿನಲ್ಲೇ.

ತಿಂಗಳ ಆಯ್ಕೆ: ಡಿಸೆಂಬರ್, ಜನವರಿಯಲ್ಲಿ ಹದಿನಾರು ಗಂಟೆ ಬೆಳಕು, ಆದರೆ ಗಾಳಿಯ ಕಾಟವೂ ಜನಸಂದಣಿಯೂ ಆಗಲೇ ಹೆಚ್ಚು. ಮಾರ್ಚ್‌ನಲ್ಲಿ ಗಾಳಿ ಒಂದಿಷ್ಟು ಇಳಿಯುತ್ತದೆ, ತಿಂಗಳ ಕೊನೆಗೆ ಲೆಂಗಾ ಮರಗಳು ಕೆಂಪೇರತೊಡಗುತ್ತವೆ, ರಾತ್ರಿ ಚಳಿ ಹೆಚ್ಚುತ್ತದೆ. ಒಂದೇ ಸಲ ಹೋಗುವವರಿಗೆ ಮಾರ್ಚ್ ವಾಸಿ.

ಕಾಗದಪತ್ರ

ಭಾರತದ ಪಾಸ್‌ಪೋರ್ಟ್‌ಗೆ ಎರಡೂ ದೇಶಗಳ ವೀಸಾವನ್ನು ಮೊದಲೇ ಮಾಡಿಸಬೇಕು. ಅಮೆರಿಕದ ಪ್ರವಾಸಿ ವೀಸಾ ಚಾಲ್ತಿಯಲ್ಲಿದ್ದವರಿಗೆ ಅರ್ಜೆಂಟೀನಾ 2025ರಲ್ಲಿ ವಿನಾಯಿತಿ ಕೊಟ್ಟಿದೆ. ಹೊರಡುವ ಮುಂಚೆ ರಾಯಭಾರ ಕಚೇರಿಯ ಪುಟದಲ್ಲಿ ಅದು ಇನ್ನೂ ಇದೆಯೇ ನೋಡಿಕೊಳ್ಳಿ. ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬಾರದಿದ್ದರೆ ಏನೆಂದು ಅರ್ಜಿ ಹಾಕುವ ಮೊದಲೇ ಮಾತಾಡಿಕೊಳ್ಳಿ, ಕ್ಯಾಂಪಿನ ಹಣ ವಾಪಸಾಗುವ ಷರತ್ತನ್ನೂ ಓದಿಕೊಳ್ಳಿ.

ಹೆಚ್ಚಿನವರು ಮರೆಯುವುದು ಹಳದಿ ಜ್ವರದ ಲಸಿಕೆ. ಪಟಗೋನಿಯಾದಲ್ಲಿ ಆ ರೋಗವಿಲ್ಲ, ಚಿಲಿ ಅದನ್ನು ಕೇಳುವುದೂ ಇಲ್ಲ. ಕೇಳುವುದು ಭಾರತ. ನಮ್ಮ ಸರ್ಕಾರದ ಪಟ್ಟಿಯಲ್ಲಿ ಅರ್ಜೆಂಟೀನಾ ಇಡಿಯಾಗಿ ಹಳದಿ ಜ್ವರದ ದೇಶ, ಬ್ರೆಜಿಲ್ ಕೂಡ. ಪ್ರಮಾಣಪತ್ರವಿಲ್ಲದೆ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಪತ್ರ ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಅನುಮೋದಿತ ಕೇಂದ್ರಗಳು ವಾರದ ಕೆಲವೇ ದಿನ ಲಸಿಕೆ ಹಾಕುವುದರಿಂದ ಎರಡು ತಿಂಗಳು ಮುಂಚೆಯೇ ಸರತಿ ಹಿಡಿಯಿರಿ.

ಚಿಲಿಗೆ ಕಾಲಿಡುವಾಗ ಕೊಡುವ ಪುಟ್ಟ ಚೀಟಿಯನ್ನು ಹೊರಹೋಗುವವರೆಗೂ ಜೋಪಾನ ಮಾಡಿ. ಪಾಸ್‌ಪೋರ್ಟ್‌ನೊಂದಿಗೆ ಅದನ್ನು ತೋರಿಸಿ ಡಾಲರ್‌ನಲ್ಲಿ ಪಾವತಿಸಿದರೆ ನೋಂದಾಯಿತ ವಸತಿಗಳಲ್ಲಿ ಶೇ. 19ರ ತೆರಿಗೆ ಉಳಿಯುತ್ತದೆ.

ಭಾರ ಹಂಚಿಕೆ

ಹೊರಡುವ ದಿನ ತಲಾ 13 ಕಿಲೋ ದಾಟಬಾರದು. ಸಾಮೂಹಿಕ ಸಾಮಾನು ಹೀಗಿರುತ್ತದೆ: ಟೆಂಟ್ 2.2ರಿಂದ 2.5 ಕಿಲೋ, ಸ್ಟವ್ ಮತ್ತು ಒಂದೂವರೆ ಲೀಟರಿನ ಪಾತ್ರೆ ಸೇರಿ 400 ಗ್ರಾಂ, ಗ್ಯಾಸ್ ಡಬ್ಬಿ ಲೋಹದ ತೂಕ ಸೇರಿ ಅರ್ಧ ಕಿಲೋ ಮೇಲೆ, ಔಷಧಿ 300 ಗ್ರಾಂ, ದುರಸ್ತಿ ಚೀಲ 200 ಗ್ರಾಂ, ಐದು ದಿನದ ಊಟ ಆರು ಕಿಲೋ. ಒಬ್ಬರು ಟೆಂಟ್ ಹೊತ್ತರೆ ಇನ್ನೊಬ್ಬರು ಅಡುಗೆ ಸಾಮಾನು ಮತ್ತು ಊಟದ ದೊಡ್ಡ ಪಾಲು ಹೊರಲಿ. ಊಟ ದಿನದಿನಕ್ಕೆ ಕರಗುತ್ತದೆ, ಟೆಂಟ್ ಕರಗುವುದಿಲ್ಲ. ನೆನೆದರೆ ಅರ್ಧ ಕಿಲೋ ಹೆಚ್ಚೇ ಆಗುತ್ತದೆ. ಅದಕ್ಕೇ ಮೂರನೇ ದಿನ ಅದಲುಬದಲು ಮಾಡಿಕೊಳ್ಳಿ. ಮೊದಲೇ ಒಪ್ಪಿಕೊಂಡಿರದಿದ್ದರೆ ಗೆಳೆತನ ಸವೆಯುವುದು ಇಂಥಲ್ಲೇ.

ಹಂಚಬಾರದ್ದೂ ಉಂಟು. ಸ್ಲೀಪಿಂಗ್ ಬ್ಯಾಗ್ (ಸೊನ್ನೆಗಿಂತ ಐದು ಡಿಗ್ರಿ ಕೆಳಗೂ ಆರಾಮ ಕೊಡುವಂಥದ್ದು), ತಲೆದೀಪ, ಸೀಟಿ, ಅಲ್ಯೂಮಿನಿಯಂ ಲೇಪದ ತುರ್ತು ಚೀಲ, ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ನಕ್ಷೆ, ಅರ್ಧ ಹಣ, ಇಬ್ಬರ ಪಾಸ್‌ಪೋರ್ಟ್‌ಗಳ ಪ್ರತಿ: ಇವು ಇಬ್ಬರ ಬಳಿಯೂ ಇರಲಿ. ಬೇರ್ಪಟ್ಟರೆ ಇಬ್ಬರೂ ಒಂದು ರಾತ್ರಿ ಬದುಕುವಂತಿರಬೇಕು.

ಮಲೆನಾಡಿನ ಮಳೆ ಮೇಲಿಂದ ಬೀಳುತ್ತದೆ, ಅದಕ್ಕೆ ಕೊಡೆಯೂ ಗೊರಬೂ ತಡೆ. ಪಟಗೋನಿಯಾದ ಮಳೆ ಅಡ್ಡಡ್ಡ ಬರುತ್ತದೆ. ಕೊಡೆ ಮೊದಲ ತಿರುವಿನಲ್ಲೇ ಮುರಿಯುತ್ತದೆ, ಪೋಂಚೊ (ತಲೆಯಿಂದ ತೊಡುವ ಅಗಲ ಮಳೆಹೊದಿಕೆ) ಹಾಯಿಯಂತೆ ಉಬ್ಬಿ ನಿಮ್ಮನ್ನೇ ಎಳೆಯುತ್ತದೆ. ಟೊಪ್ಪಿಗೆಯಂಚನ್ನು ಬಿಗಿಯಲು ದಾರವಿರುವ ಮಳೆ ಜಾಕೆಟ್ ಮತ್ತು ಮಳೆ ಪ್ಯಾಂಟ್ ಬೇಕು. ಬ್ಯಾಗಿನ ಹೊರಹೊದಿಕೆಯನ್ನೂ ಗಾಳಿ ಕಿತ್ತೊಯ್ಯುತ್ತದೆ. ಬದಲಿಗೆ ಬ್ಯಾಗಿನ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವಿಟ್ಟು ಅದರಲ್ಲಿ ಸಾಮಾನು ತುಂಬಿ ಬಾಯಿ ತಿರುಚಿ ಮುಚ್ಚಿ. ಮಲಗುವಾಗ ಹಾಕುವ ಒಣ ಉಣ್ಣೆ ಕಾಲುಚೀಲ, ಒಳಅಂಗಿಯನ್ನು ಹಗಲಲ್ಲಿ ಯಾವ ಕಾರಣಕ್ಕೂ ತೊಡಬೇಡಿ. ದಕ್ಷಿಣ ಧ್ರುವದ ಓಜೋನ್ ತೂತಿನ ಅಂಚು ವಸಂತದಲ್ಲಿ ಇಲ್ಲಿಗೂ ಚಾಚುತ್ತದೆ. ಆದ್ದರಿಂದ ಮೋಡವಿದ್ದರೂ 50ರ ಸನ್‌ಸ್ಕ್ರೀನ್ ಬೇಕು.

ಊಟ, ಗ್ಯಾಸ್, ಮತ್ತು ಗಡಿಯ ನಾಯಿ

ಚಿಲಿಯ ಕೃಷಿ ತಪಾಸಣೆ ಕಟ್ಟುನಿಟ್ಟು. ತಿನ್ನುವ ಯಾವುದೇ ಸಸ್ಯಜನ್ಯ, ಪ್ರಾಣಿಜನ್ಯ ವಸ್ತು ತಂದಿದ್ದರೂ ನಮೂನೆಯಲ್ಲಿ "ಹೌದು" ಎಂದು ಬರೆಯಬೇಕು. ಬರೆದರೆ ಹೆಚ್ಚೆಂದರೆ ವಸ್ತುವನ್ನು ಎಸೆಯುತ್ತಾರೆ. ಬರೆಯದೆ ಸಿಕ್ಕಿಬಿದ್ದರೆ ದಂಡ. ಬ್ಯಾಗಿನಲ್ಲಿ ಮರೆತ ಒಂದು ಸೇಬೂ ಸಾಕು, ವಾಸನೆ ಹಿಡಿಯುವ ನಾಯಿಗಳಿರುತ್ತವೆ. ಮನೆಯ ಚಟ್ನಿಪುಡಿ, ಅವಲಕ್ಕಿ ಒಯ್ಯುವುದಾದರೆ ಮುಚ್ಚಿದ ಪೊಟ್ಟಣದಲ್ಲಿ ಒಯ್ದು ನಮೂದಿಸಿ, ತೆಗೆದಿಟ್ಟುಕೊಂಡರೆ ಅಳಬೇಡಿ. ತುಪ್ಪ, ಜೇನು, ಬಿತ್ತಿದರೆ ಮೊಳೆಯುವ ಕಾಳು ಬೇಡ.

ಉಳಿದದ್ದೆಲ್ಲ ನತಾಲೆಸ್‌ನ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುತ್ತದೆ. ಇಬ್ಬರು ಸಸ್ಯಾಹಾರಿಗಳಿಗೆ ಐದು ದಿನದ ಅಳತೆ: ಅವಲಕ್ಕಿ ಇಲ್ಲವೇ ಓಟ್ಸ್ 1 ಕಿಲೋ, ಆಲೂಗಡ್ಡೆ ಪುಡಿ ಅರ್ಧ ಕಿಲೋ, ನೂಡಲ್ಸ್ ಎಂಟು ಪೊಟ್ಟಣ, ಒಣ ಸೋಯಾ ಚೂರು 250 ಗ್ರಾಂ, ಗಟ್ಟಿ ಚೀಸ್ 400 ಗ್ರಾಂ, ಮೆಕ್ಸಿಕೊ ಬಗೆಯ ಗೋಧಿ ರೊಟ್ಟಿ ಹದಿನಾರು, ಕಡಲೆಬೀಜ ಮತ್ತು ಒಣಹಣ್ಣು 700 ಗ್ರಾಂ, ಚಾಕೊಲೇಟ್ ಅರ್ಧ ಕಿಲೋ, ಬಿಸ್ಕತ್ತು ಅರ್ಧ ಕಿಲೋ, ಹಾಲಿನ ಪುಡಿ, ಸಕ್ಕರೆ, ಚಹಾ. ಅಕ್ಕಿ, ಬೇಳೆ ಬೇಯಿಸುವ ಆಸೆ ಬಿಡಿ. ಇಪ್ಪತ್ತು ನಿಮಿಷ ಉರಿಸುವ ಅಡುಗೆಗೆ ಗ್ಯಾಸ್ ಸಾಲದು. ಖಾರಕ್ಕೆ ಅಲ್ಲಿನ ಮೂಲನಿವಾಸಿ ಮಾಪುಚೆ ಜನರ ಮೆರ್ಕೆನ್ ಕೊಳ್ಳಿ. ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿಯ ಪುಡಿ ಅದು, ಕೊತ್ತಂಬರಿಯೂ ಇರುತ್ತದೆ. ಆಲೂಗಡ್ಡೆ ಪುಡಿಯ ಗಂಜಿಗೆ ಬಾಯಿರುಚಿ ಬರುವುದು ಅದರಿಂದಲೇ.

ಮಾಂಸ ತಿನ್ನದವರಿಗೆ ಒಂದು ಪದದ ಬಲೆ. ಚಿಲಿಯಲ್ಲಿ "ಮಂತೆಕಾ" ಎಂದರೆ ಹಂದಿಯ ಕೊಬ್ಬು, ಬೆಣ್ಣೆಗೆ "ಮಂತೆಕಿಯಾ". ಗಡಿ ದಾಟಿದರೆ ಅರ್ಜೆಂಟೀನಾದಲ್ಲಿ "ಮಂತೆಕಾ"ವೇ ಬೆಣ್ಣೆ. ಅಲ್ಲಿ "ಗ್ರಾಸಾ" ಕಂಡರೆ ಪ್ರಾಣಿ ಕೊಬ್ಬು. ಎರಡೂ ಕಡೆ ಬ್ರೆಡ್ಡು, ಬಿಸ್ಕತ್ತಿನಲ್ಲಿ ಕೊಬ್ಬು ಸೇರಿರುವುದುಂಟು, ಪೊಟ್ಟಣದ ಹಿಂಬದಿ ಓದಿ. ಹೋಟೆಲಿನಲ್ಲಿ "ಸಿನ್ ಕಾರ್ನೆ" ಅಂದರೆ ದನದ ಮಾಂಸ ಬೇಡವೆಂದಷ್ಟೇ ತಿಳಿದು ಹ್ಯಾಮ್ ಹಾಕಿ ಕೊಡಬಹುದು. ಕೋಳಿ, ಹ್ಯಾಮ್, ಮೀನು ಮೂರನ್ನೂ ಹೆಸರಿಟ್ಟು ಬೇಡವೆನ್ನಿ: "ಸಿನ್ ಪೊಯೊ, ಸಿನ್ ಹಮೋನ್, ಸಿನ್ ಪೆಸ್ಕಾದೊ."

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ತಿರುಪು ಬಾಯಿಯ 230 ಗ್ರಾಂ ಡಬ್ಬಿ ನತಾಲೆಸ್, ಚಾಲ್ಟೆನ್ ಎರಡರಲ್ಲೂ ಸಿಗುತ್ತದೆ. ನೀರು ಕಾಯಿಸುವುದಕ್ಕಷ್ಟೇ ಆದರೆ ಇಬ್ಬರಿಗೆ ದಿನಕ್ಕೆ 50 ಗ್ರಾಂ ಹಿಡಿಯಿರಿ. ಅಂದರೆ ಐದು ದಿನಕ್ಕೆ ಒಂದು ಡಬ್ಬಿ ಸ್ವಲ್ಪದರಲ್ಲೇ ಸಾಲದು, ಜೊತೆಗೊಂದು ಸಣ್ಣದಿರಲಿ. ಅರ್ಧ ಖಾಲಿ ಡಬ್ಬಿಗಳನ್ನು ಹಾಸ್ಟೆಲ್‌ಗಳಲ್ಲಿ ಪುಕ್ಕಟೆ ಬಿಟ್ಟುಹೋಗಿರುತ್ತಾರೆ, ಮೊದಲು ಅಲ್ಲಿ ಕಣ್ಣಾಡಿಸಿ. ಡಬ್ಬಿಯ ಸುತ್ತ ಗಾಳಿತಡೆಯ ತಗಡನ್ನು ಪೂರ್ತಿ ಸುತ್ತಬೇಡಿ. ಕಾವು ಒಳಗೇ ನಿಂತು ಡಬ್ಬಿ ಸಿಡಿಯಬಹುದು. ಟೋರೆಸ್‌ನಲ್ಲಿ ಬೆಂಕಿ ಹಾಕುವುದು ಪೂರ್ಣ ನಿಷಿದ್ಧ, ಸ್ಟವ್ ಉರಿಸುವುದೂ ಕ್ಯಾಂಪಿನ ಅಡುಗೆ ಕಟ್ಟೆಯಲ್ಲಿ ಮಾತ್ರ. 2005ರಲ್ಲಿ ಅನುಮತಿಯಿಲ್ಲದ ಜಾಗದಲ್ಲಿ ಉರಿಸಿದ ಒಂದು ಸ್ಟವ್‌ನಿಂದ ಸುಮಾರು 15,000 ಹೆಕ್ಟೇರ್ ಸುಟ್ಟುಹೋಯಿತು.

ಟೋರೆಸ್: ಪಶ್ಚಿಮದಿಂದ ಪೂರ್ವಕ್ಕೆ

ಇಂಗ್ಲಿಷಿನ ಡಬ್ಲ್ಯು ಅಕ್ಷರದಂತಿರುವ ದಾರಿ ಸುಮಾರು 80 ಕಿಲೋಮೀಟರ್, ಐದು ಹಗಲು ನಾಲ್ಕು ರಾತ್ರಿ. ಕ್ಯಾಂಪ್‌ಗಳನ್ನು ಎರಡು ಖಾಸಗಿ ಸಂಸ್ಥೆಗಳು ಹಂಚಿಕೊಂಡಿವೆ: ಪೈನೆ ಗ್ರಾಂದೆ, ಗ್ರೇ ಕ್ಯಾಂಪ್‌ಗಳು ವೆರ್ತಿಸೆಯವು, ಫ್ರಾನ್ಸೆಸ್, ಕ್ವೆರ್ನೋಸ್, ಚಿಲೇನೊ, ಸೆಂತ್ರಾಲ್ ಲಾಸ್ ಟೋರೆಸ್‌ನವು. ಎರಡೂ ತಾಣಗಳನ್ನು ಅಕ್ಕಪಕ್ಕ ತೆರೆದಿಟ್ಟುಕೊಂಡು, ನಾಲ್ಕೂ ರಾತ್ರಿ ಸಾಲಾಗಿ ಕೂಡಿಬಂದ ಮೇಲಷ್ಟೇ ಹಣ ಕಟ್ಟಿ. ಉದ್ಯಾನದ ಪ್ರವೇಶ ಟಿಕೆಟ್ ಇವುಗಳಿಂದ ಬೇರೆ.

ಗಾಳಿ ಪಶ್ಚಿಮದಿಂದ ಬರುವುದರಿಂದ ಪಶ್ಚಿಮದಲ್ಲೇ ಶುರುಮಾಡಿ, ನೊರ್ದೆನ್‌ಷೆಲ್ಡ್ ಸರೋವರದ ದಂಡೆಯ ಉದ್ದ ದಾರಿಯಲ್ಲಿ ಅದು ಬೆನ್ನಿಗಿರುತ್ತದೆ. ಪುದೆತೊದಿಂದ ಪೆಹೊಎ ಸರೋವರ ದಾಟುವ ದೋಣಿಯಲ್ಲಿ ಪೈನೆ ಗ್ರಾಂದೆಗೆ ಬಂದು, ಮೊದಲ ದಿನ 11 ಕಿಲೋಮೀಟರ್ ನಡೆದು ಗ್ರೇ ಹಿಮನದಿಯ ಬಳಿ ತಂಗಿ. ಈ ತುಂಡು ಮಾತ್ರ ಎದುರುಗಾಳಿ. ಎರಡನೇ ದಿನ ಮರಳಿ ಪೈನೆ ಗ್ರಾಂದೆ, ಬೇಗ ತಲುಪುತ್ತೀರಿ, ವಿಶ್ರಮಿಸಿ. ಮೂರನೇ ದಿನ ಇತಾಲಿಯಾನೊಗೆ ಎರಡೂವರೆ ಗಂಟೆ. ಅಲ್ಲಿ ಬ್ಯಾಗ್ ಇಳಿಸಿ, ನೀರು, ಜಾಕೆಟ್, ತಿಂಡಿಯಷ್ಟೇ ಹಿಡಿದು ಬ್ರಿತಾನಿಕೊ ನೋಟದ ಜಾಗಕ್ಕೆ ಹತ್ತಿಳಿದು, ಅರ್ಧ ಗಂಟೆ ಮುಂದಿನ ಫ್ರಾನ್ಸೆಸ್‌ನಲ್ಲಿ ಮಲಗಿ. ನಾಲ್ಕನೇ ದಿನ ದಂಡೆ ಹಿಡಿದು ಸೆಂತ್ರಾಲ್‌ಗೆ. ಐದನೇ ದಿನ ನಸುಕಿಗೇ ಟೋರೆಸ್‌ನ ಕಂಬದಂಥ ಮೂರು ಶಿಖರಗಳ ಬುಡಕ್ಕೆ. ಹೋಗಿಬರಲು 20 ಕಿಲೋಮೀಟರ್ ಹತ್ತಿರ, ಕೊನೆಯ ಒಂದು ಗಂಟೆ ಬರೀ ಬಂಡೆಗುಂಡು. ಅಷ್ಟರಲ್ಲಿ ಊಟದ ಭಾರ ಕರಗಿರುತ್ತದೆ, ಟೆಂಟನ್ನೂ ಕೆಳಗೇ ಬಿಟ್ಟು ಹತ್ತಬಹುದು.

ಈ ಏರ್ಪಾಡಿನ ಬಲಹೀನ ಕೊಂಡಿ ಮೊದಲ ದಿನದ ದೋಣಿ. ಗಾಳಿ ಮೀರಿದರೆ ಅದು ನಿಲ್ಲುತ್ತದೆ. ನತಾಲೆಸ್‌ನಿಂದ ದಿನದ ಮೊದಲ ಬಸ್ಸನ್ನೇ ಹಿಡಿದರೆ ಮುಂದಿನ ದೋಣಿಗೆ ಕಾಯುವಷ್ಟಾದರೂ ಸಮಯ ಉಳಿಯುತ್ತದೆ.

ಬೆಟ್ಟವನ್ನು ಪೂರ್ತಿ ಸುತ್ತುವ ಓ ದಾರಿ 130 ಕಿಲೋಮೀಟರ್, ಎಂಟು ದಿನ. ಅದರಲ್ಲಿ ಜಾನ್ ಗಾರ್ಡ್‌ನರ್ ಪಾಸ್ (ಬೆಟ್ಟಸಾಲು ದಾಟುವ ಕಣಿವೆದಾರಿ) 1,200 ಮೀಟರ್ ಎತ್ತರದಲ್ಲಿ ಗಾಳಿಗೆ ಬಾಯ್ದೆರೆದು ನಿಂತಿದೆ. 2025ರ ನವೆಂಬರ್‌ನಲ್ಲಿ ಅಲ್ಲಿ ಹಿಮಗಾಳಿಗೆ ಸಿಕ್ಕಿ ಐವರು ಚಾರಣಿಗರು ಸತ್ತರು. ಹಿಮದಲ್ಲಿ ನಡೆದು ಗೊತ್ತಿಲ್ಲದವರು, ಕಾಯಲು ಹೆಚ್ಚುವರಿ ದಿನವಿಲ್ಲದವರು ಅದನ್ನು ಹಿಡಿಯಬಾರದು.

ಗಾಳಿಯಲ್ಲಿ ಟೆಂಟ್ ಕಟ್ಟುವುದು

1. ಜಾಗ ಆರಿಸುವಾಗ ಸರೋವರದ ನೋಟ ಮರೆತುಬಿಡಿ. ಪೊದೆ, ದಿಬ್ಬ, ಕಲ್ಲಿನ ಗೋಡೆಯ ಮರೆ ನೋಡಿ. ತಲೆಯ ಮೇಲೆ ಒಣಕೊಂಬೆ ಇರಬಾರದು.
2. ಟೆಂಟಿನ ತಗ್ಗು, ಕಿರಿದು ಕೊನೆ ಪಶ್ಚಿಮಕ್ಕೆ; ಬಾಗಿಲು ಅದರ ಎದುರು ದಿಕ್ಕಿಗೆ.
3. ಒಬ್ಬರು ಬಟ್ಟೆಯ ಮೇಲೆ ಮಂಡಿಯೂರಿ ಕೂರಲಿ. ಇನ್ನೊಬ್ಬರು ಗಾಳಿ ಬರುವ ಕಡೆಯ ಎರಡು ಗೂಟಗಳನ್ನು ಮೊದಲು ಹೊಡೆಯಲಿ. ಅದಾಗುವ ತನಕ ಪೋಲ್ ಎತ್ತಲೇಬಾರದು. ಹೆಚ್ಚಿನ ಪೋಲ್‌ಗಳು ಮುರಿಯುವುದು ಈ ಅವಸರದಲ್ಲೇ.
4. ಪೋಲ್ ನಿಂತ ಮೇಲೂ ಒಬ್ಬರು ಅದನ್ನು ಹಿಡಿದೇ ಇರಬೇಕು. ಇನ್ನೊಬ್ಬರು ಹೊರಹೊದಿಕೆ ಹಾಸಿ ಬಿಗಿಹಗ್ಗಗಳನ್ನು ಎಳೆದು ಕಟ್ಟಲಿ. ಎಲ್ಲ ಹಗ್ಗವನ್ನೂ ಕಟ್ಟಿ, ಆಕಾಶ ತಿಳಿಯಾಗಿದ್ದರೂ.
5. ಗೂಟದ ಮೇಲೊಂದು ಕಲ್ಲು. ಹಗ್ಗವನ್ನು ನೇರ ಕಲ್ಲಿಗೆ ಸುತ್ತಿದರೆ ಉಜ್ಜಿ ತುಂಡಾಗುತ್ತದೆ.

ಫ್ರಾನ್ಸೆಸ್, ಚಿಲೇನೊಗಳಲ್ಲಿ ಮರದ ಹಲಗೆಗಳ ಮೇಲೆ ಟೆಂಟ್ ಹಾಕಬೇಕು, ಅಲ್ಲಿ ಗೂಟ ಇಳಿಯುವುದಿಲ್ಲ. ಮೂರು ಮಿಲಿಮೀಟರ್ ದಪ್ಪದ ದಾರವನ್ನು ಎರಡೆರಡು ಮೀಟರಿನ ಎಂಟು ತುಂಡಾಗಿ ಒಯ್ಯಿರಿ. ಗೂಟವಿಲ್ಲದೆಯೂ ನಿಲ್ಲುವ ಟೆಂಟೇ ಬೇಕೆನ್ನುವುದು ಇದಕ್ಕೇ. ದುರಸ್ತಿ ಚೀಲದಲ್ಲಿ ಪೋಲ್ ಮುರಿದರೆ ಮೇಲೆ ತೊಡಿಸುವ ಲೋಹದ ಕೊಳವೆ ಎರಡು, ಬಟ್ಟೆಗೆ ಅಂಟಿಸುವ ತೇಪೆ, ಡಕ್ಟ್ ಟೇಪ್, ದಪ್ಪ ಸೂಜಿ, ಹೆಚ್ಚುವರಿ ಗೂಟ ನಾಲ್ಕು ಇರಲಿ.

ಟೆಂಟಿನೊಳಗೆ ತಿನಿಸು ಇಡಬೇಡಿ, ಒಂದು ಬಾದಾಮಿಗೂ ಇಲಿ ಬಟ್ಟೆ ಕೊರೆಯುತ್ತದೆ. ಬಟ್ಟೆ ತೂತಾಗುವುದಕ್ಕಿಂತ ದೊಡ್ಡ ಸಂಗತಿ ಬೇರೆ: ಇಲ್ಲಿನ ಉದ್ದಬಾಲದ ಕಾಡಿಲಿ ಹಂಟಾವೈರಸ್ ಎಂಬ ಮಾರಕ ರೋಗಾಣುವನ್ನು ಹರಡುತ್ತದೆ. ಊಟವನ್ನು ಚೀಲದಲ್ಲಿ ಕಟ್ಟಿ ಮರಕ್ಕೆ ತೂಗುಹಾಕಿ ಇಲ್ಲವೇ ಅಡುಗೆ ಕಟ್ಟೆಯ ಕೊಕ್ಕೆಗೆ ಸಿಕ್ಕಿಸಿ. ಮುಚ್ಚಿಟ್ಟ ಹಳೆಯ ಗುಡಿಸಲಲ್ಲಿ ಮಲಗಬೇಡಿ.

ನಡೆಯುವಾಗ ಇಬ್ಬರ ನಡುವೆ

ನಿಧಾನ ನಡೆಯುವವರು ಮುಂದೆ. ಗಾಳಿಯಲ್ಲಿ ಕೂಗು ಹತ್ತು ಮೀಟರ್ ದಾಟುವುದಿಲ್ಲ, ಆದ್ದರಿಂದ ಕಣ್ಣಳತೆ ಮೀರಬಾರದು. ಕವಲು ಬಂದಲ್ಲೆಲ್ಲ ನಿಂತು ಸೇರಿಕೊಂಡೇ ಮುಂದೆ. ತಪ್ಪಿಹೋದರೆ ಕೊನೆಯ ಕವಲಿಗೆ ಮರಳಿ ಅರ್ಧ ಗಂಟೆ ಕಾಯುವುದು, ಆಮೇಲೆ ಆ ರಾತ್ರಿಯ ಕ್ಯಾಂಪಿಗೆ ಹೋಗುವುದು, ಬೇರೆಲ್ಲೂ ಹುಡುಕಾಡುವುದಿಲ್ಲ. ಮುಂದೆ ಹೋಗಲು ಇಬ್ಬರ ಒಪ್ಪಿಗೆ ಬೇಕು. ಹಿಂತಿರುಗಲು ಒಬ್ಬರು ಹೇಳಿದರೆ ಸಾಕು, ಕಾರಣ ಕೇಳುವಂತಿಲ್ಲ.

ಮುನ್ಸೂಚನೆಯಲ್ಲಿ ಸರಾಸರಿ ವೇಗವನ್ನಲ್ಲ, ಬೀಸಿನ ವೇಗ ನೋಡಿ. ಗಂಟೆಗೆ 50 ಕಿಲೋಮೀಟರ್‌ವರೆಗೆ ನಡೆಯಬಹುದು. 70ಕ್ಕೆ ಭಾರ ಹೊತ್ತವರು ತತ್ತರಿಸುತ್ತಾರೆ. 90 ಎಂದಿದ್ದರೆ ಬೆಟ್ಟದ ಏಣು, ಪಾಸ್ ಬೇಡವೇ ಬೇಡ. ನೊರ್ದೆನ್‌ಷೆಲ್ಡ್ ದಂಡೆಯಲ್ಲಿ ಬೀಸು ಬರುವುದು ಕಾಣಿಸುತ್ತದೆ: ನೀರು ಬಿಳಿ ಪುಡಿಯಾಗಿ ಎದ್ದು ನಿಮ್ಮತ್ತ ಓಡಿಬರುತ್ತದೆ. ಕಂಡ ಕೂಡಲೇ ಕೂತುಬಿಡಿ, ಕೋಲುಗಳನ್ನು ಅಗಲಕ್ಕೆ ಊರಿ. ತೂಗುಸೇತುವೆಯ ಬಳಿ ಬರೆದಿರುವಷ್ಟೇ ಜನ ಒಮ್ಮೆಗೆ ದಾಟಬೇಕು.

ಚಾಲ್ಟೆನ್‌ನಲ್ಲಿ ಕಾಯುವ ಕೆಲಸ

ನತಾಲೆಸ್‌ನಿಂದ ಕಲಫಾತೆಗೆ ಬಸ್ಸಿನಲ್ಲಿ ಐದಾರು ಗಂಟೆ, ಅಲ್ಲಿಂದ ಚಾಲ್ಟೆನ್‌ಗೆ ಮೂರು. ಊರು ಹುಟ್ಟಿದ್ದೇ 1985ರಲ್ಲಿ, ಅಂಗಡಿಗಳು ಚಿಕ್ಕವು, ತರಕಾರಿ ದುಬಾರಿ, ಎಟಿಎಂ ಬರಿದಾಗುತ್ತದೆ. ಕಲಫಾತೆಯಲ್ಲೇ ದಿನಸಿ ಕೊಂಡು, ಮಡಿಕೆಯಿಲ್ಲದ ನೂರು ಡಾಲರಿನ ನೋಟು ಕೆಲವನ್ನು ಇಟ್ಟುಕೊಂಡಿರಿ. ಕಾಡಿನೊಳಗಿನ ಕ್ಯಾಂಪ್‌ಗಳ ನಿಯಮ, ಶುಲ್ಕಗಳು ಬದಲಾಗುತ್ತಿರುತ್ತವೆ, 2024ರ ಅಕ್ಟೋಬರ್‌ನಿಂದ ಪ್ರವೇಶಕ್ಕೂ ಹಣವಿದೆ. ಊರಿನ ಬಾಗಿಲಲ್ಲೇ ಇರುವ ಪಾರ್ಕ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಏಳು ದಿನದಲ್ಲಿ ತಿಳಿಯಾದವು ಎರಡೋ ಮೂರೋ ಸಿಕ್ಕಾವು. ಅತ್ಯಂತ ತಿಳಿಯಾದ ದಿನ ಲಗುನಾ ದೆ ಲೋಸ್ ತ್ರೆಸ್‌ಗೆ, 3,405 ಮೀಟರಿನ ಫಿಟ್ಜ್ ರಾಯ್ ಎದುರು ನಿಲ್ಲುವ ಸರೋವರ ಅದು. ಒಂದು ಬದಿಗೆ 10 ಕಿಲೋಮೀಟರ್. ಒಂಬತ್ತು ಸಲೀಸು, ಕೊನೆಯ ಒಂದರಲ್ಲಿ 400 ಮೀಟರ್ ಏರು. ಸಾಧಾರಣ ದಿನ ಲಗುನಾ ತೋರ್ರೆ, 9 ಕಿಲೋಮೀಟರ್, ಏರು ಕಡಿಮೆ. ಸೆರ್ರೊ ತೋರ್ರೆಯ ಸೂಜಿಶಿಖರ ಮೋಡದೊಳಗಿದ್ದರೂ ಹಿಮಗಡ್ಡೆ ತೇಲುವ ನೀರು ಕಾಣುತ್ತದೆ. ಗಾಳಿಯ ದಿನ ಕಾಡಿನ ಮರೆಯಲ್ಲಿ ಸಾಗುವ ಕಾಪ್ರಿ ಸರೋವರದವರೆಗೆ ಹೋಗಿಬನ್ನಿ.

ವೆಮುಲ್ ಸುತ್ತು ನಾಲ್ಕು ದಿನದ್ದು. ಹಗ್ಗಕ್ಕೆ ಜೋತು ಎರಡು ಕಡೆ ಹೊಳೆ ದಾಟಬೇಕು, ಹಾರ್ನೆಸ್ (ಸೊಂಟದ ಪಟ್ಟಿ), ಕ್ಯಾರಾಬಿನರ್ (ಲೋಹದ ಕೊಂಡಿ), ಹಗ್ಗ ತೋರಿಸಿ ಹೆಸರು ಬರೆಸಬೇಕು. ಅಲ್ಲಿನ ಒಂದು ಪಾಸ್‌ನ ಹೆಸರೇ ಗಾಳಿಯ ಪಾಸ್. ಮೊದಲ ಸಲದವರಿಗೆ ಅದಲ್ಲ.

ಆಪತ್ತಿಗೆ ಆಂಬುಲೆನ್ಸ್ ಸಂಖ್ಯೆ ಚಿಲಿಯಲ್ಲಿ 131, ಅರ್ಜೆಂಟೀನಾದಲ್ಲಿ 107. ಕಾಡಿನಲ್ಲಿ ಮೊಬೈಲ್ ಸಿಗುವುದಿಲ್ಲ. ಉಪಗ್ರಹ ಸಂದೇಶದ ಉಪಕರಣ ಇಬ್ಬರಿಗೊಂದು ಸಾಕು. ವಿಮೆ ಕೊಳ್ಳುವಾಗ ಚಾರಣ, ಹೆಲಿಕಾಪ್ಟರ್ ಎಂಬ ಎರಡು ಪದ ಪಾಲಿಸಿಯಲ್ಲಿ ಇವೆಯೇ ಹುಡುಕಿ.

ಕಲಫಾತೆಗೆ ಮರಳಿದ ದಿನ ಉಳಿದ ಗ್ಯಾಸ್ ಡಬ್ಬಿಯನ್ನು ಹಾಸ್ಟೆಲ್ಲಿನ ಕಪಾಟಿಗೆ ಬಿಟ್ಟುಬಿಡಿ. ಸ್ಟವ್ ತೊಳೆದು ಒರೆಸಿ, ಇಂಧನದ ವಾಸನೆಯಿದ್ದರೆ ವಿಮಾನದಲ್ಲಿ ತಡೆಯುತ್ತಾರೆ. ಟೆಂಟನ್ನು ಪೂರ್ತಿ ಒಣಗಿಸಿ ಮಡಚಿ, ಇಲ್ಲದಿದ್ದರೆ ಬೆಂಗಳೂರು ತಲುಪುವ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಹಳದಿ ಜ್ವರದ ಲಸಿಕೆಯ ಕಾರ್ಡ್ ಕೈಚೀಲದಲ್ಲಿರಲಿ.